ಸುನಾವೊ ತವಾರ: ಹೃದಯ ಬಡಿತದ ಹಾದಿಯನ್ನು ಕಂಡವರು

ಹೃತ್ಕರ್ಣಗಳು ಮೊದಲು ಸಂಕುಚಿಸುತ್ತವೆ, ತುಸು ತಡೆದು ಹೃತ್ಕುಕ್ಷಿಗಳು ಸಂಕುಚಿಸುತ್ತವೆ. ತರಗತಿಯಲ್ಲಿ ನಾವು ಈ ಮಾತು ಹೇಳಿ ಮುಂದೆ ಸಾಗುತ್ತೇವೆ. ಆ ತಡ ಎಲ್ಲಿ ಆಗುತ್ತದೆ ಎಂದು ಕೇಳಿದರೆ ಉತ್ತರ ಜಪಾನಿನ ವೈದ್ಯ ಸುನಾವೊ ತವಾರ ಅವರ ಬದುಕಿನಲ್ಲಿದೆ.

ತವಾರ 1873ರಲ್ಲಿ ಜಪಾನಿನ ಓಯಿಟಾ ಪ್ರಾಂತ್ಯದಲ್ಲಿ ಹುಟ್ಟಿದರು. 1901ರಲ್ಲಿ ಟೋಕಿಯೊದಲ್ಲಿ ವೈದ್ಯಕೀಯ ಪದವಿ ಪಡೆದು, 1903ರಲ್ಲಿ ಜರ್ಮನಿಯ ಮಾರ್ಬುರ್ಗ್‌ಗೆ ಹೋಗಿ ರೋಗಶಾಸ್ತ್ರಜ್ಞ ಲುಡ್ವಿಗ್ ಆಶೋಫ್ ಅವರ ಬಳಿ ಸಂಶೋಧನೆಗೆ ಸೇರಿದರು. ಹೃದಯ ಸೋಲುವುದಕ್ಕೆ ಹೃದಯ ಸ್ನಾಯುವಿನ ಉರಿಯೂತ ಕಾರಣವೇ ಎಂದು ನೋಡುವುದು ಅವರಿಗೆ ಸಿಕ್ಕ ಮೊದಲ ಕೆಲಸ. ಅನೇಕ ಹೃದಯಗಳನ್ನು ಪರೀಕ್ಷಿಸಿದರೂ ಉರಿಯೂತದಿಂದ ಉತ್ತರ ಸಿಗಲಿಲ್ಲ. ಆಗ ಅವರ ಗಮನ ಹೃತ್ಕರ್ಣ ಮತ್ತು ಹೃತ್ಕುಕ್ಷಿಗಳ ನಡುವಿನ ಭಾಗಕ್ಕೆ ತಿರುಗಿತು.

ಹೃತ್ಕುಕ್ಷಿಯ ಒಳಗೋಡೆಯ ವಿಶೇಷ ತಂತುಗಳನ್ನು ಪುರ್ಕಿಂಜೆ 1839ರಲ್ಲೇ ವರ್ಣಿಸಿದ್ದರು. ಮೇಲಿನ ಮತ್ತು ಕೆಳಗಿನ ಕೋಣೆಗಳನ್ನು ಸೇರಿಸುವ ಸ್ನಾಯುಕಟ್ಟನ್ನು ವಿಲ್ಹೆಲ್ಮ್ ಹಿಸ್ 1893ರಲ್ಲಿ ತೋರಿಸಿದ್ದರು. ಇವೆರಡಕ್ಕೂ ಇರುವ ನಂಟು ಯಾರಿಗೂ ತಿಳಿದಿರಲಿಲ್ಲ. ತವಾರ ಮನುಷ್ಯರ ಮತ್ತು ಪ್ರಾಣಿಗಳ ಹೃದಯವನ್ನು ತೆಳುವಾದ ಸಾಲು ಸೀಳಿಕೆಗಳಾಗಿ ಕತ್ತರಿಸಿ, ಒಂದೊಂದನ್ನೂ ಕ್ರಮವಾಗಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಹಿಸ್ ಕಟ್ಟಿನ ಬುಡದಲ್ಲಿ ಹೆಣೆದುಕೊಂಡ ಸಣ್ಣ ತಂತುಗಳ ಒಂದು ಗಂಟು ಕಂಡಿತು. ಅದರಿಂದ ಹೊರಟ ಕಟ್ಟು ಎಡ-ಬಲ ಕವಲಾಗಿ, ಕೊನೆಗೆ ಪುರ್ಕಿಂಜೆ ತಂತುಗಳಾಗಿ ಹರಡುತ್ತಿತ್ತು. ಬೇರೆ ಬೇರೆ ಎಂದುಕೊಂಡಿದ್ದು ಒಂದೇ ಮರವಾಗಿತ್ತು. 1906ರಲ್ಲಿ ಇದನ್ನು ಜರ್ಮನ್ ಭಾಷೆಯ ಗ್ರಂಥವಾಗಿ ಪ್ರಕಟಿಸಿ ಅವರು ಊರಿಗೆ ಮರಳಿದರು. 1908ರಲ್ಲಿ ಫುಕುವೊಕಾದಲ್ಲಿ ಪ್ರಾಧ್ಯಾಪಕರಾದರು. 1914ರಲ್ಲಿ ಜಪಾನ್ ಅಕಾಡೆಮಿಯ ಪ್ರಶಸ್ತಿ ಬಂತು. 1952ರಲ್ಲಿ ತೀರಿಕೊಂಡರು.

ಸಂಕೇತ ಒಂದು ಜೀವಕೋಶದಿಂದ ಇನ್ನೊಂದಕ್ಕೆ ದಾಟುವ ಬಗೆ ಅವರ ಸೂಕ್ಷ್ಮದರ್ಶಕಕ್ಕೆ ಕಾಣುವಂಥದ್ದಲ್ಲ. ಅದನ್ನು ನಂತರದವರು ಕಂಡರು. ಕನೆಕ್ಸಿನ್ ಎಂಬ ಪ್ರೋಟೀನಿನ 6 ಅಣುಗಳು ಸೇರಿ ಅರ್ಧ ಕೊಳವೆಯಾಗುತ್ತವೆ; ಅಕ್ಕಪಕ್ಕದ ಕೋಶಗಳ ಎರಡು ಅರ್ಧಗಳು ಕೂಡಿದರೆ ಅಯಾನುಗಳಿಗೆ ದಾರಿ. ಇಂಥ ಕೊಳವೆಗಳ ಗುಂಪೇ ಗ್ಯಾಪ್ ಜಂಕ್ಷನ್. ತವಾರ ಕಂಡ ಗಂಟಿನಲ್ಲಿ ಕೋಶಗಳು ಚಿಕ್ಕವು, ಕೊಳವೆಗಳೂ ಕಡಿಮೆ. ಹಾಗಾಗಿ ಸಂಕೇತ ಅಲ್ಲಿ ಸುಮಾರು 0.1 ಸೆಕೆಂಡು ನಿಧಾನವಾಗುತ್ತದೆ. ಆ ಬಿಡುವಿನಲ್ಲೇ ಹೃತ್ಕರ್ಣದ ರಕ್ತ ಹೃತ್ಕುಕ್ಷಿಗೆ ಇಳಿಯುತ್ತದೆ.

ಅಭ್ಯಾಸ ಬೋಧನೆಯಲ್ಲಿ ನಾನು 8 ಮಕ್ಕಳನ್ನು ಕೈ ಹಿಡಿಸಿ ಸಾಲಾಗಿ ನಿಲ್ಲಿಸಿ, ಕೈಯೊತ್ತನ್ನು ಒಬ್ಬರಿಂದೊಬ್ಬರಿಗೆ ದಾಟಿಸಲು ಹೇಳಿದೆ. ನಡುವಿನ ಹುಡುಗಿ ಮಾತ್ರ ಎರಡು ಎಣಿಸಿ ದಾಟಿಸಬೇಕು. ಅವಳು ಕೈ ಬಿಟ್ಟರೆ ಏನಾಗುತ್ತದೆ ಎಂದು ಕೇಳಿದಾಗ, ಆಚೆಯವರಿಗೆ ಸುದ್ದಿಯೇ ಮುಟ್ಟುವುದಿಲ್ಲ ಎಂದರು. ಹಿಂದಿನ ಬೆಂಚಿನ ಒಬ್ಬ ಹುಡುಗ, ತನ್ನ ಅಜ್ಜನಿಗೆ ಪೇಸ್‌ಮೇಕರ್ ಹಾಕಿದ್ದು ಇದಕ್ಕೇನಾ ಸಾರ್ ಎಂದ. ಹೃದಯದ ಈ ಹಾದಿ ಕಡಿದವರಿಗೆ ಪೇಸ್‌ಮೇಕರ್ ಹೊರಗಿನಿಂದ ಸಂಕೇತ ಕೊಡುತ್ತದೆ ಎಂದು ವಿವರಿಸಲು ಆಮೇಲೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಹೃದಯದ ಪಾಠಯೋಜನೆಯಲ್ಲಿ ಈ ತಡಕ್ಕೆಂದೇ 5 ನಿಮಿಷ ಮೀಸಲಿಡಬಹುದೆಂದು ಸಹಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ.