ಅಡುಗೆ ಬಾರದ ಅಡುಗೆಮನೆ ತಜ್ಞೆ: ಲಿಲಿಯನ್ ಗಿಲ್‌ಬ್ರೆತ್

ಪಾದದಿಂದ ಒತ್ತಿದರೆ ಮುಚ್ಚಳ ತೆರೆಯುವ ಕಸದ ಬುಟ್ಟಿ, ಬಾಗಿಲಿನ ಒಳಮೈಯಲ್ಲೇ ಮೊಟ್ಟೆ, ಬೆಣ್ಣೆ ಇಡಲು ಅನುಕೂಲವಿರುವ ರೆಫ್ರಿಜರೇಟರ್. ಮನೆಮನೆಗಳಲ್ಲಿ ಕಾಣುವ ಈ ಸೌಕರ್ಯಗಳ ಹಿಂದೆ ಕೇಳಿಬರುವ ಹೆಸರು ಅಮೆರಿಕದ ಲಿಲಿಯನ್ ಗಿಲ್‌ಬ್ರೆತ್ ಅವರದು. ವಿಶೇಷವೆಂದರೆ, ಈ ಮಹಿಳೆಗೆ ಅಡುಗೆಯಲ್ಲಿ ಅಷ್ಟೇನೂ ಪರಿಣತಿ ಇರಲಿಲ್ಲ. ಅವರ ಮನೆಯ ಒಲೆ ಉರಿಯುತ್ತಿದ್ದುದು ಸಂಬಳದ ಸಹಾಯಕರಿಂದ.

1878ರ ಮೇ 24ರಂದು ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ ಸ್ಥಿತಿವಂತರ ಮನೆಯಲ್ಲಿ ಲಿಲಿಯನ್ ಜನಿಸಿದರು. ಬರ್ಕ್ಲಿ ವಿಶ್ವವಿದ್ಯಾಲಯದಿಂದ 1900ರಲ್ಲಿ ಪದವಿ ಪಡೆದರು. 1904ರಲ್ಲಿ ಕಟ್ಟಡ ಗುತ್ತಿಗೆದಾರ ಫ್ರಾಂಕ್ ಗಿಲ್‌ಬ್ರೆತ್ ಅವರ ಕೈಹಿಡಿದರು. ಗಾರೆಯವನು ಒಂದು ಇಟ್ಟಿಗೆ ಇಡಲು ಮಾಡುತ್ತಿದ್ದ 18 ಚಲನೆಗಳನ್ನು ಐದರ ಆಸುಪಾಸಿಗೆ ಇಳಿಸಿ ಹೆಸರಾದವರು ಫ್ರಾಂಕ್. ದುಡಿಮೆಯ ದಣಿವನ್ನು ತಗ್ಗಿಸುವ ಈ ಶಾಸ್ತ್ರವನ್ನು ದಂಪತಿ ಜೊತೆಯಾಗಿ ಬೆಳೆಸಿದರು. 1915ರಲ್ಲಿ ಲಿಲಿಯನ್ ಬ್ರೌನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು.

ದಂಪತಿಗೆ ಹನ್ನೆರಡು ಮಕ್ಕಳು. ಅವರಲ್ಲಿ ಒಬ್ಬಳು 1912ರಲ್ಲಿ ಡಿಫ್ತೀರಿಯಾಕ್ಕೆ ಬಲಿಯಾದಳು. ಇಷ್ಟು ದೊಡ್ಡ ಸಂಸಾರದ ನಡುವೆ ಅಧ್ಯಯನ, ಬರವಣಿಗೆ ಸಾಧ್ಯವಾದದ್ದು ಹೇಗೆ? ಅತ್ತೆ ಮಾರ್ಥಾ ಮನೆಯ ಆಡಳಿತ ವಹಿಸಿಕೊಂಡಿದ್ದರು; ಅಡುಗೆಗೂ ಮೇಲುಕೆಲಸಕ್ಕೂ ಸಂಬಳದ ಆಳುಗಳಿದ್ದರು. ಮಕ್ಕಳಿಗೂ ಕೆಲಸ ಹಂಚಿಕೆಯಾಗಿತ್ತು. ಬೇಲಿಗೆ ಬಣ್ಣ ಬಳಿಯುವಂಥ ಹೆಚ್ಚುವರಿ ಕೆಲಸಕ್ಕೆ ಮಕ್ಕಳು ಟೆಂಡರು ಸಲ್ಲಿಸಬೇಕಿತ್ತು. ಕಡಿಮೆ ಮೊತ್ತ ಕೇಳಿದವರಿಗೆ ಕೆಲಸ, ಮುಗಿದ ಮೇಲೆ ಕೂಲಿ.

1924ರ ಜೂನ್ 14ರಂದು ಫ್ರಾಂಕ್ ಹೃದಯಾಘಾತದಿಂದ ಹಠಾತ್ತನೆ ನಿಧನರಾದರು. ಹನ್ನೊಂದು ಮಕ್ಕಳ ಹೊಣೆ ಲಿಲಿಯನ್ ಮೇಲೆ ಬಿತ್ತು. ಕೆಲವೇ ದಿನಗಳಲ್ಲಿ ಅವರು ಪತಿ ಭಾಗವಹಿಸಬೇಕಿದ್ದ ಸಮ್ಮೇಳನಗಳಿಗಾಗಿ ಯೂರೋಪಿಗೆ ಹಡಗು ಹತ್ತಿದರು. ಆದರೆ ಕಾರ್ಖಾನೆಗಳ ಮಾಲೀಕರಿಗೆ ಮಹಿಳಾ ಸಲಹೆಗಾರ್ತಿ ಬೇಕಿರಲಿಲ್ಲ. ಒಂದೊಂದಾಗಿ ಒಪ್ಪಂದಗಳು ಕೈತಪ್ಪಿದವು. ಹೆಣ್ಣಿನ ಮಾತಿಗೆ ಸಮಾಜ ಬೆಲೆ ಕೊಡುವ ಕ್ಷೇತ್ರವೊಂದಿತ್ತು. ಅದು ಅಡುಗೆಮನೆ. ಲಿಲಿಯನ್ ಆ ಬಾಗಿಲನ್ನೇ ತಟ್ಟಿದರು.

1927ರಲ್ಲಿ ಪ್ರಕಟವಾದ ಅವರ ಪುಸ್ತಕ ಗೃಹಕೃತ್ಯವನ್ನು ಒಂದು ಉದ್ಯೋಗವೆಂದೇ ಪರಿಗಣಿಸಿತು. 1929ರಲ್ಲಿ ಬ್ರೂಕ್ಲಿನ್‌ನ ಗ್ಯಾಸ್ ಕಂಪೆನಿಯೊಂದಕ್ಕಾಗಿ ಮಾದರಿ ಅಡುಗೆಮನೆಯನ್ನು ರೂಪಿಸಿದರು. ಒಲೆ, ಕೆಲಸದ ಕಟ್ಟೆ, ಪಾತ್ರೆ ಸಾಮಾನುಗಳೆಲ್ಲ ಕೈಗೆಟುಕುವಂತೆ ಒತ್ತಾಗಿ ಬಂದವು. ಕಟ್ಟೆಯ ಎತ್ತರ ಕೆಲಸ ಮಾಡುವವಳ ಎತ್ತರಕ್ಕೆ ಹೊಂದಬೇಕೆಂಬುದು ಅವರ ನಿಲುವಾಗಿತ್ತು. ಇಂಥ ಮರುಜೋಡಣೆಯ ಪ್ರಯೋಗವೊಂದರಲ್ಲಿ ಕೇಕ್ ತಯಾರಿಸಲು ಬೇಕಾಗುತ್ತಿದ್ದ 281 ಹೆಜ್ಜೆಗಳು 45ಕ್ಕೆ ಇಳಿದವು. ಜನರಲ್ ಎಲೆಕ್ಟ್ರಿಕ್ ಕಂಪೆನಿಗಾಗಿ ನಾಲ್ಕು ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಸಂದರ್ಶಿಸಿ ಒಲೆ, ಸಿಂಕುಗಳ ಸೂಕ್ತ ಎತ್ತರವನ್ನು ನಿರ್ಧರಿಸಲಾಯಿತು.

ಉಪಕರಣಗಳು ಬಂದ ಮಾತ್ರಕ್ಕೆ ಗೃಹಿಣಿಗೆ ಬಿಡುವು ದೊರೆಯಿತೇ? ಹಾಗಾಗಲಿಲ್ಲ ಎಂದು ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ 1983ರ ತಮ್ಮ ಗ್ರಂಥದಲ್ಲಿ ವಾದಿಸಿದ್ದಾರೆ. ಆಳುಗಳು ಮಾಡುತ್ತಿದ್ದ ಕೆಲಸ ಯಂತ್ರಗಳ ಸಮೇತ ಗೃಹಿಣಿಯ ಹೆಗಲಿಗೇ ಬಂತು. ಶುಚಿತ್ವದ ನಿರೀಕ್ಷೆಯೂ ಏರಿತು. ಸ್ವತಃ ಲಿಲಿಯನ್ ಅವರ ಬದುಕೂ ಇದನ್ನೇ ಸೂಚಿಸುತ್ತದೆ. ಅವರಿಗೆ ದುಡಿಯಲು ಸಮಯ ಒದಗಿಸಿದ್ದು ಯಂತ್ರಗಳಿಗಿಂತ ಹೆಚ್ಚಾಗಿ, ಅತ್ತೆ, ಆಳುಗಳು ಮತ್ತು ಮಕ್ಕಳ ದುಡಿಮೆ.

1935ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾದ ಲಿಲಿಯನ್, 1965ರಲ್ಲಿ ಅಮೆರಿಕದ ರಾಷ್ಟ್ರೀಯ ಎಂಜಿನಿಯರಿಂಗ್ ಅಕಾಡೆಮಿಗೆ ಆಯ್ಕೆಯಾದ ಪ್ರಥಮ ಮಹಿಳೆ ಎನಿಸಿದರು. ಇಬ್ಬರು ಮಕ್ಕಳು ಬರೆದ ‘ಚೀಪರ್ ಬೈ ದ ಡಜನ್’ (1948) ಈ ಸಂಸಾರವನ್ನು ಜಗತ್ತಿಗೆ ಪರಿಚಯಿಸಿತು. 1972ರ ಜನವರಿ 2ರಂದು, 93ನೆಯ ವಯಸ್ಸಿನಲ್ಲಿ ಅವರು ಕಣ್ಮುಚ್ಚಿದರು. 1984ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವರ ಸ್ಮರಣಾರ್ಥ ಅಂಚೆಚೀಟಿ ಹೊರತಂದಿತು.

ಮನೆಗೆಲಸಕ್ಕೆ ಎಷ್ಟು ಹೆಜ್ಜೆ, ಎಷ್ಟು ಹೊತ್ತು, ಎಷ್ಟು ದಣಿವು ಬೇಕೆಂದು ಲೆಕ್ಕವಿಟ್ಟು ತೋರಿಸಿದ್ದು ಅವರ ದೊಡ್ಡ ಕೊಡುಗೆ. ಲೆಕ್ಕ ಸಿಕ್ಕ ಕೆಲಸಕ್ಕೆ ಬೆಲೆಯೂ ಸಿಗಬೇಕಾದುದು ನ್ಯಾಯ. ಅದನ್ನು ಮಾಡುವವಳು ಗೃಹಿಣಿಯಾಗಲಿ, ಸಂಬಳದ ಸಹಾಯಕಿಯಾಗಲಿ.