ಅಪ್ಪನ ಟ್ರಂಕಿನಲ್ಲಿದ್ದ ಪ್ಯಾನ್‌ಕೇಕ್

ನಮ್ಮಪ್ಪನದು ಕ್ಷೌರದಂಗಡಿ. ಬೇಸಿಗೆಯಲ್ಲಿ ಸುತ್ತಲ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಶುರುವಾದರೆ ರಾತ್ರಿ ಹೊತ್ತು ಪಾತ್ರಧಾರಿಗಳಿಗೆ ಬಣ್ಣ ಹಚ್ಚುವುದೂ ಅವನೇ. ಅದಕ್ಕೆಂದೇ ಒಂದು ತಗಡಿನ ಟ್ರಂಕು ಇಟ್ಟುಕೊಂಡಿದ್ದಾನೆ. ಮೀಸೆ, ಗಡ್ಡ, ಅಂಟು, ಕಾಡಿಗೆಯ ಜೊತೆ ಅದರಲ್ಲೊಂದು ದುಂಡನೆಯ ಡಬ್ಬಿ. ಒಳಗೆ ಬಿಲ್ಲೆಯಂಥ ಗಟ್ಟಿ ಬಣ್ಣ. ಒದ್ದೆ ಸ್ಪಾಂಜನ್ನು ಅದರ ಮೇಲೆ ಉಜ್ಜಿ ಮುಖಕ್ಕೆ ಸವರಿದರೆ ನಮ್ಮೂರ ಹಾಲಿನ ಡೇರಿ ಕಾರ್ಯದರ್ಶಿ ದುರ್ಯೋಧನನಾಗುತ್ತಾನೆ. ಅದಕ್ಕೆ ಅಪ್ಪ ಹೇಳುವ ಹೆಸರು ಪ್ಯಾನ್‌ಕೇಕ್.

ಕೆಲಸಕ್ಕೆ ಅರ್ಜಿ ಹಾಕುವಾಗ ತಂದೆಯ ಉದ್ಯೋಗ ಎಂಬ ಜಾಗದಲ್ಲಿ ನಾನು ವ್ಯಾಪಾರ ಎಂದು ಬರೆಯುತ್ತಿದ್ದೆ. ಕ್ಷೌರ ಎಂದು ಬರೆಯಲು ಕೈ ಬರುತ್ತಿರಲಿಲ್ಲ. ಈ ವರ್ಷ ಪರೀಕ್ಷೆಗೆ ಓದುತ್ತಾ ಲೈಬ್ರರಿಯಲ್ಲಿ ಕೂತಿದ್ದಾಗ, ಈ ಪ್ಯಾನ್‌ಕೇಕ್ ಮೊದಲು ಮಾಡಿದವರು ಯಾರಿರಬಹುದು ಎಂದು ಸುಮ್ಮನೆ ಹುಡುಕಿದೆ. ಸಿಕ್ಕಿದ್ದು ಮ್ಯಾಕ್ಸ್ ಫ್ಯಾಕ್ಟರ್ ಮತ್ತು ಅವನ ಮಕ್ಕಳ ಕಥೆ. ಓದುತ್ತಾ ಹೋದಂತೆ ಅವನೂ ಒಂದು ಕಾಲಕ್ಕೆ ಕ್ಷೌರದಂಗಡಿ ಇಟ್ಟವನೇ ಎಂದು ತಿಳಿಯಿತು. ಆ ದಿನ ಪರೀಕ್ಷೆಯ ಪುಸ್ತಕ ತೆರೆಯಲೇ ಇಲ್ಲ.

ಮ್ಯಾಕ್ಸ್ ಹುಟ್ಟಿದ್ದು 1870ರ ದಶಕದಲ್ಲಿ, ಆಗ ರಷ್ಯಾ ಸಾಮ್ರಾಜ್ಯದ ಆಳ್ವಿಕೆಯಲ್ಲಿದ್ದ ಪೋಲೆಂಡಿನ ಒಂದು ಯಹೂದಿ ಕುಟುಂಬದಲ್ಲಿ. ಮನೆತುಂಬ ಮಕ್ಕಳು, ಶಾಲೆ ಕಲಿಸುವ ಶಕ್ತಿ ಹೆತ್ತವರಿಗಿರಲಿಲ್ಲ. ಇನ್ನೂ ಹತ್ತು ತುಂಬುವ ಮೊದಲೇ ಹುಡುಗ ವಿಗ್ ಮಾಡುವವರ ಬಳಿ ಕೆಲಸ ಕಲಿಯಲು ಸೇರಿದ. ಕೂದಲು ಆರಿಸುವುದು, ಎಳೆ ಎಳೆಯಾಗಿ ಗಂಟು ಹಾಕುವುದು, ಮುಖಕ್ಕೆ ಹೊಂದುವಂತೆ ಕೂರಿಸುವುದು ಅವನ ವಿದ್ಯೆಯಾಯಿತು. ಬರ್ಲಿನ್ನಿನಲ್ಲಿ, ಆಮೇಲೆ ಮಾಸ್ಕೋದಲ್ಲಿ ದುಡಿದ. ರಷ್ಯಾದ ಸೇನೆಯಲ್ಲಿ ಕಡ್ಡಾಯ ಸೇವೆ ಮುಗಿಸಿ, ರಿಯಾಜಾನ್ ಎಂಬ ಊರಿನಲ್ಲಿ ಸ್ವಂತ ಅಂಗಡಿ ತೆರೆದ. ಅಲ್ಲಿಗೆ ಬಂದ ನಾಟಕ ತಂಡವೊಂದು ಅವನ ವಿಗ್ ಮತ್ತು ಬಣ್ಣಗಳನ್ನು ಕೊಂಡು ರಾಜಮನೆತನದ ಮುಂದೆ ಆಡಿತು. ಕೈಗುಣ ಅರಮನೆಯವರ ಕಣ್ಣಿಗೆ ಬಿತ್ತು.

ಆ ಅದೃಷ್ಟದಲ್ಲೊಂದು ಗಂಟಿತ್ತು. ಅರಮನೆಯವರಿಗೆ ಬೇಕಾದವನ ಮೇಲೆ ಸದಾ ಕಾವಲು. ಮದುವೆಯನ್ನೂ ಅವನು ಗುಟ್ಟಾಗಿ ಮಾಡಿಕೊಳ್ಳಬೇಕಾಯಿತು. ಮೂರು ಮಕ್ಕಳಾದರೂ ಹೆಂಡತಿ ಮಕ್ಕಳನ್ನು ಕದ್ದು ನೋಡಿ ಬರುವ ಪಾಡು. ಹೊರಗೆ ಯಹೂದಿಗಳ ಮೇಲೆ ಹಲ್ಲೆಗಳು ಹೆಚ್ಚುತ್ತಿದ್ದವು. ಅಲ್ಲಿಂದ ಅವನು ಪಾರಾದ ಬಗೆಯನ್ನು ಆ ಕುಟುಂಬ ತಲೆಮಾರುಗಳಿಂದ ಹೇಳಿಕೊಂಡು ಬಂದಿದೆ. ಮುಖಕ್ಕೆ ಹಳದಿ ಬಣ್ಣ ಸವರಿಕೊಂಡು ಕಾಮಾಲೆ ಬಂದವನಂತೆ ಕಾಣಿಸಿಕೊಂಡನಂತೆ. ಪರಿಚಯದ ವೈದ್ಯರೊಬ್ಬರು ಹವೆ ಬದಲಾಗಬೇಕೆಂದು ಶಿಫಾರಸು ಮಾಡಿದರಂತೆ. ಹಾಗೆ ಗಡಿಯಾಚೆಯ ಕಾರ್ಲ್ಸ್‌ಬಾದ್‌ಗೆ ಹೋದವನು ಹೆಂಡತಿ ಮಕ್ಕಳನ್ನು ಕೂಡಿಕೊಂಡು, ಹಡಗು ಹತ್ತಿ 1904ರ ಫೆಬ್ರವರಿಯಲ್ಲಿ ಅಮೆರಿಕ ತಲುಪಿದ. ಫ್ಯಾಕ್ಟೊರೊವಿಚ್ ಎಂಬ ಮನೆತನದ ಹೆಸರು ಅಲ್ಲಿ ಫ್ಯಾಕ್ಟರ್ ಎಂದಾಯಿತು.

ಆಗ ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅದೇ ವರ್ಷ ಸೇಂಟ್ ಲೂಯಿಸ್ ನಗರದ ವಿಶ್ವಮೇಳದಲ್ಲಿ ವಿಗ್, ಕ್ರೀಮುಗಳ ಮಳಿಗೆ ಹಾಕಿದ. ವ್ಯವಹಾರಕ್ಕೆ ಜೊತೆಗಿಟ್ಟುಕೊಂಡ ಪಾಲುದಾರ ದುಡ್ಡು, ಸರಕು ಎರಡನ್ನೂ ಹೊತ್ತು ಪರಾರಿಯಾದ. ಅರಮನೆಯ ಕಲಾವಿದನಾಗಿದ್ದವನು ಬಂಧುಗಳ ನೆರವು ಪಡೆದು ಕ್ಷೌರದಂಗಡಿ ತೆರೆದದ್ದು ಆಗ. 1906ರಲ್ಲಿ ಹೆಂಡತಿ ತೀರಿಕೊಂಡಳು. ಹೊಸ ದೇಶ, ಸಣ್ಣ ಮಕ್ಕಳು, ದಿನದ ದುಡಿಮೆ. ನಾನು ಹೆಚ್ಚು ಹೊತ್ತು ನಿಂತು ಓದಿದ್ದು ಈ ಭಾಗವನ್ನೇ. ಎಲ್ಲ ಕಳೆದುಕೊಂಡ ಹೊತ್ತಿನಲ್ಲಿ ಆ ಮನೆಯ ಒಲೆ ಉರಿದದ್ದು ಕತ್ತರಿ, ಕತ್ತಿಯಿಂದ.

1908ರಲ್ಲಿ ಮ್ಯಾಕ್ಸ್ ಕುಟುಂಬವನ್ನು ಕಟ್ಟಿಕೊಂಡು ಲಾಸ್ ಏಂಜಲೀಸ್‌ಗೆ ಹೊರಟ. ಅಲ್ಲಿ ಸಿನಿಮಾ ಎಂಬ ಹೊಸ ಕಸುಬು ತಲೆ ಎತ್ತುತ್ತಿತ್ತು. ರಂಗಭೂಮಿಯ ಬಣ್ಣವನ್ನೇ ನಟರು ದಪ್ಪಗೆ ಮೆತ್ತಿಕೊಂಡು ಕ್ಯಾಮೆರಾ ಮುಂದೆ ನಿಲ್ಲುತ್ತಿದ್ದರು. ನಾಟಕದಲ್ಲಿ ಪ್ರೇಕ್ಷಕ ದೂರ ಕೂತಿರುತ್ತಾನೆ. ಕ್ಯಾಮೆರಾ ಮೂಗಿನ ಹತ್ತಿರವೇ ಬರುತ್ತದೆ. ನಕ್ಕರೆ ಬಣ್ಣ ಬಿರುಕು ಬಿಡುತ್ತಿತ್ತು. 1914ರಲ್ಲಿ ಮ್ಯಾಕ್ಸ್ ತೆಳುವಾದ, ಕ್ರೀಮಿನಂಥ ಬಣ್ಣ ಮಾಡಿದ. ಮುಖ ಅಲುಗಿದಂತೆ ಅದೂ ಬಳುಕುತ್ತಿತ್ತು. ಒಂದಲ್ಲ, 12 ಛಾಯೆಗಳು. ಚಾರ್ಲಿ ಚಾಪ್ಲಿನ್, ಬಸ್ಟರ್ ಕೀಟನ್‌ರಂಥವರು ಅದನ್ನು ಹುಡುಕಿಕೊಂಡು ಬಂದರು.

ಅದೇ ಕಾಲದ ಇನ್ನೊಂದು ನೆನಪು ಕೇಳಿ. ನಿರ್ದೇಶಕ ಸೆಸಿಲ್ ಡಿಮಿಲ್ ತನ್ನ ‘ದಿ ಸ್ಕ್ವಾ ಮ್ಯಾನ್’ ಚಿತ್ರಕ್ಕೆ ವಿಗ್ ಕೇಳಿದ. ಮ್ಯಾಕ್ಸ್‌ನ ವಿಗ್‌ಗಳು ಅಸಲಿ ಕೂದಲಿನವು, ಬೆಲೆಯೂ ಹೆಚ್ಚು. ಹಾಗಾಗಿ ಬಾಡಿಗೆಗೆ ಕೊಡುವುದೆಂದಾಯಿತು. ಆದರೆ ವಾಪಸು ಬರುವ ಖಾತರಿ ಏನು? ಮ್ಯಾಕ್ಸ್ ತನ್ನ ಗಂಡುಮಕ್ಕಳನ್ನೇ ಆ ಚಿತ್ರದ ಗುಂಪಿನ ದೃಶ್ಯಗಳಿಗೆ ಸೇರಿಸಿದ. ಹುಡುಗರು ಹಗಲು ಕ್ಯಾಮೆರಾ ಮುಂದೆ ಓಡಾಡಿ, ಶೂಟಿಂಗ್ ಮುಗಿದ ಮೇಲೆ ವಿಗ್‌ಗಳನ್ನು ಲೆಕ್ಕ ಹಾಕಿ ಮನೆಗೆ ತರುತ್ತಿದ್ದರು. ಇದನ್ನು ಓದಿ ನನಗೆ ನಗು ಬಂತು. ನಾಟಕ ಮುಗಿದ ಬೆಳಗಿನ ಜಾವ ಪಾತ್ರಧಾರಿಗಳ ಮೀಸೆ ಎಣಿಸಿ ಟ್ರಂಕಿಗೆ ತುಂಬುತ್ತಿದ್ದವನು ನಾನು.

ಮನೆಯ ಮಕ್ಕಳು ಬರೀ ಆಳುಗಳಾಗಿ ಉಳಿಯಲಿಲ್ಲ. ಆ ಕಾಲದಲ್ಲಿ ಮೇಕಪ್ ಎಂಬ ಮಾತಿಗೆ ಮರ್ಯಾದೆ ಇರಲಿಲ್ಲ. ಅದು ನಾಟಕದವರ ಮಾತು, ಮಾನವಂತರ ಮನೆಯ ಹೆಂಗಸರು ಬಾಯಲ್ಲಿ ಆಡಬಾರದ್ದು. ಅಂಗಡಿಯವರು ಕಾಸ್ಮೆಟಿಕ್ಸ್ ಎಂದು ನಯವಾಗಿ ಹೇಳುತ್ತಿದ್ದರು. 1920ರಲ್ಲಿ ಮಗ ಫ್ರಾಂಕ್‌ನ ಸಲಹೆಯಂತೆ ಮ್ಯಾಕ್ಸ್ ತನ್ನ ಸರಕನ್ನು ಮೇಕಪ್ ಎಂದೇ ಕರೆದು ಮಾರತೊಡಗಿದ. ಫ್ರಾಂಕ್‌ಗೆ ಆಗ 16ರ ಆಸುಪಾಸು. ಜನ ಮೂಗು ಮುರಿಯುತ್ತಿದ್ದ ಹೆಸರನ್ನು ಮುಚ್ಚಿಡದೆ ಡಬ್ಬಿಯ ಮೇಲೆಯೇ ಹಾಕಿಬಿಟ್ಟರು. ಇಂದು ಆ ಪದ ಇಲ್ಲದೆ ನಮ್ಮೂರ ಮದುವೆಯೂ ನಡೆಯುವುದಿಲ್ಲ.

1922ರಲ್ಲಿ ಮ್ಯಾಕ್ಸ್ ಯುರೋಪ್ ಪ್ರವಾಸ ಹೋದಾಗ, ತಾನು ಅಮೆರಿಕದಲ್ಲಿ ಮಾರುತ್ತಿದ್ದ ಬಣ್ಣದ ಕಡ್ಡಿಗಳನ್ನು ತಯಾರಿಸುವ ಜರ್ಮನಿಯ ಕಂಪನಿಗೆ ಭೇಟಿ ಕೊಟ್ಟ. ಗಂಟೆಗಟ್ಟಲೆ ಕಾಯಿಸಿದರಂತೆ. ಅವನು ಜಗಳ ಆಡಲಿಲ್ಲ. ಎದ್ದು ಬಂದು, ನಮ್ಮದೇ ಬಣ್ಣವನ್ನು ಟ್ಯೂಬಿನಲ್ಲಿ ತುಂಬಿ ಮಾರಲು ಶುರು ಮಾಡಿ ಎಂದು ಮಕ್ಕಳಿಗೆ ತಂತಿ ಕಳಿಸಿದ. ಸಂದರ್ಶನಕ್ಕೆ ಹೋಗಿ ಬಾಗಿಲ ಹೊರಗೆ ಕೂತು ಬಂದವರಿಗೆಲ್ಲ ಇದರ ಅರ್ಥ ಗೊತ್ತಾಗುತ್ತದೆ.

1935ರಲ್ಲಿ ಹಾಲಿವುಡ್‌ನ ಹೈಲ್ಯಾಂಡ್ ಅವೆನ್ಯೂದಲ್ಲಿ ಅವನ ದೊಡ್ಡ ಸಲೂನು ತೆರೆಯಿತು. ಕೂದಲ ಬಣ್ಣಕ್ಕೆ ತಕ್ಕಂತೆ ನಾಲ್ಕು ಕೋಣೆಗಳು. ಹೊಂಗೂದಲಿನವರಿಗೆ ನೀಲಿ ಕೋಣೆ, ಕೆಂಗೂದಲಿನವರಿಗೆ ಹಸಿರು ಕೋಣೆ, ಹೀಗೆ. ಆ ಕಟ್ಟಡ ಈಗ ಹಾಲಿವುಡ್ ಮ್ಯೂಸಿಯಂ.

ಅಷ್ಟರಲ್ಲಿ ಬಣ್ಣದ ಚಿತ್ರಗಳು ಬಂದಿದ್ದವು. ಕಪ್ಪು ಬಿಳುಪಿಗೆ ಹೊಂದಿದ್ದ ಮೇಕಪ್ ಟೆಕ್ನಿಕಲರ್‌ನಲ್ಲಿ ಕೈಕೊಟ್ಟಿತು. ಹಚ್ಚಿದ ಮೇಲೆ ಉಳಿಯುತ್ತಿದ್ದ ಸಣ್ಣ ಹೊಳಪು ಸುತ್ತಲ ಬಣ್ಣವನ್ನೆಲ್ಲ ಪ್ರತಿಫಲಿಸಿ ಮುಖ ಒಮ್ಮೆ ಕೆಂಪು, ಒಮ್ಮೆ ನೀಲಿ ಕಾಣುತ್ತಿತ್ತು. ಪರಿಹಾರ ಹುಡುಕುತ್ತಿದ್ದಾಗಲೇ 1936ರಲ್ಲಿ ಮ್ಯಾಕ್ಸ್‌ಗೆ ವ್ಯಾನು ಡಿಕ್ಕಿಯಾಗಿ ಪೆಟ್ಟಾಯಿತು. ಅಪ್ಪ ಬಿಟ್ಟ ಕೆಲಸವನ್ನು ಫ್ರಾಂಕ್ ಕೈಗೆತ್ತಿಕೊಂಡ. ಒಣಗಿಸಿ ಬಿಲ್ಲೆ ಮಾಡಿ, ಒದ್ದೆ ಸ್ಪಾಂಜಿನಿಂದ ಹಚ್ಚುವ, ಹೊಳಪಿಲ್ಲದ ಪ್ಯಾನ್‌ಕೇಕ್ ಹುಟ್ಟಿದ್ದು ಹೀಗೆ. ‘ವೋಗ್ಸ್ ಆಫ್ 1938’ ಚಿತ್ರದಲ್ಲಿ ಅದನ್ನು ಬಳಸಿದರು. ಸೆಟ್ಟಿನಲ್ಲಿದ್ದ ನಟಿಯರು ಡಬ್ಬಿಗಳನ್ನು ಮೆಲ್ಲಗೆ ಬ್ಯಾಗಿಗೆ ಸೇರಿಸಿ ಮನೆಗೆ ಒಯ್ಯತೊಡಗಿದರು. ಸ್ಟುಡಿಯೋ ದೀಪಗಳಿಗೆಂದು ಮಾಡಿದ ಛಾಯೆ ಹಗಲ ಬೆಳಕಿಗೆ ಗಾಢವಾಯಿತು. ಫ್ರಾಂಕ್ ತಿಳಿ ಛಾಯೆಗಳನ್ನು ಮಾಡಿದ. ಪ್ಯಾನ್‌ಕೇಕ್ ಸಾಮಾನ್ಯರ ಕನ್ನಡಿಯ ಮುಂದೆ ಬಂತು.

ಕೊನೆಯ ದಿನಗಳು ನೆಮ್ಮದಿಯವಲ್ಲ. 1938ರಲ್ಲಿ ಮಗ ಡೇವಿಸ್ ಜೊತೆ ಪ್ಯಾರಿಸ್‌ನಲ್ಲಿದ್ದಾಗ, ಹಣ ಕೊಡದಿದ್ದರೆ ಜೀವ ತೆಗೆಯುವುದಾಗಿ ಬೆದರಿಕೆ ಚೀಟಿ ಬಂತು. ಹಣಕ್ಕೆ ಯಾರೂ ಬರಲಿಲ್ಲ. ಆದರೆ ಮ್ಯಾಕ್ಸ್ ಒಳಗೇ ನಡುಗಿಹೋದ. ಮನೆಗೆ ಮರಳಿದವನು ಅದೇ ಆಗಸ್ಟ್ 30ರಂದು ಬೆವರ್ಲಿ ಹಿಲ್ಸ್‌ನಲ್ಲಿ ತೀರಿಕೊಂಡ. ಫ್ರಾಂಕ್ ತನ್ನ ಹೆಸರನ್ನೇ ಬದಲಿಸಿ ಮ್ಯಾಕ್ಸ್ ಫ್ಯಾಕ್ಟರ್ ಜೂನಿಯರ್ ಆದ. ಅಪ್ಪನ ಕಸುಬಿನ ಜೊತೆ ಅಪ್ಪನ ಹೆಸರನ್ನೂ ಹೊತ್ತ.

ನಾನು ಅಪ್ಪನ ಕಸುಬು ಹಿಡಿಯುತ್ತೇನೋ ಇಲ್ಲವೋ ಇನ್ನೂ ತಿಳಿಯದು. ಅರ್ಜಿ ಹಾಕುವುದನ್ನೇನೂ ಬಿಟ್ಟಿಲ್ಲ. ಆದರೆ ಅಂದು ರಾತ್ರಿ ಊಟಕ್ಕೆ ಕೂತಾಗ ಆ ಹಳದಿ ಬಣ್ಣದ ಕಾಮಾಲೆಯ ಕಥೆಯನ್ನು ಅಪ್ಪನಿಗೆ ಹೇಳಿದೆ. ಊಟ ಬಿಟ್ಟು ಕೇಳಿದ. ಆಮೇಲೆ ಕೈತೊಳೆದು ಬಂದು, ಅರಿಸಿನಕ್ಕೆ ಏನು ಬೆರೆಸಿದರೆ ಕಾಮಾಲೆಯಂತೆ ಕಾಣುತ್ತದೆ ಎಂದು ಅರ್ಧ ಗಂಟೆ ವಿವರಿಸಿದ. ಅವನಿಗೆ ಇಷ್ಟೆಲ್ಲ ಗೊತ್ತಿದೆ ಎಂದು ನನಗೆ ತಿಳಿದಿರಲಿಲ್ಲ, ನಾನೆಂದೂ ಕೇಳಿರಲಿಲ್ಲ.

ಮರುದಿನ ಒಂದು ಅರ್ಜಿ ತುಂಬಬೇಕಿತ್ತು. ತಂದೆಯ ಉದ್ಯೋಗದ ಜಾಗದಲ್ಲಿ ಬರೆದೆ: ಕ್ಷೌರ ಮತ್ತು ಮೇಕಪ್.