ಉಸಿರಿನ ಶೋಧಕ ಜಾನ್ ಸ್ಕಾಟ್ ಹಾಲ್ಡೇನ್

ಅನ್ನ ನೀರುಗಳ ಬೆಲೆಯನ್ನು ದಿನವೂ ಬಲ್ಲ ಮನುಷ್ಯನು ಗಾಳಿಯ ಬೆಲೆಯನ್ನು ಅರಿಯುವುದು ಅದು ಕೆಟ್ಟಾಗ ಮಾತ್ರ. ಗಣಿಯ ಸುರಂಗ, ಬಡವರ ಕಿಷ್ಕಿಂಧೆಯಂಥ ಕೋಣೆ, ಸಮುದ್ರದ ತಳ ಮೊದಲಾಗಿ ಗಾಳಿ ಕೆಡುವ ತಾಣಗಳನ್ನೇ ಅರಸಿಕೊಂಡು ಹೋಗಿ, ಅಲ್ಲಿರುವವರ ಉಸಿರನ್ನು ಕಾಯುವ ಬಗೆಯನ್ನು ಶೋಧಿಸಿದ ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನರು.

ಹಾಲ್ಡೇನರು 1860ರ ಮೇ 2ರಂದು ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಸ್ಥಿತಿವಂತ ಮನೆತನವೊಂದರಲ್ಲಿ ಜನಿಸಿದರು. ಅಣ್ಣ ರಿಚರ್ಡ್ ಮುಂದೆ ಬ್ರಿಟನ್ನಿನ ಯುದ್ಧಮಂತ್ರಿಯೂ ಲಾರ್ಡ್ ಚಾನ್ಸಲರೂ ಆದವರು. ತಮ್ಮನಿಗೆ ಅಧಿಕಾರದ ಹಂಬಲವಿರಲಿಲ್ಲ. 1884ರಲ್ಲಿ ವೈದ್ಯ ಪದವಿ ಪಡೆದ ಜಾನ್, ರೋಗಿಗಳ ನಾಡಿ ಹಿಡಿಯುವ ವೃತ್ತಿಗೆ ಹೋಗದೆ ಡಂಡೀ ನಗರಕ್ಕೆ ಹೋಗಿ ಗಾಳಿಯ ಪರೀಕ್ಷೆಗೆ ತೊಡಗಿದರು. ಸಂಗಡಿಗರೊಡನೆ ನಡುರಾತ್ರಿಯಲ್ಲಿ ಬಡವರ ಮನೆಗಳ ಕದ ತಟ್ಟಿ, ಅವರು ಮಲಗಿದ್ದ ಕೋಣೆಯ ಗಾಳಿಯನ್ನು ಸೀಸೆಗಳಲ್ಲಿ ತುಂಬಿಕೊಂಡು ಬರುತ್ತಿದ್ದರು. ಶಾಲೆಗಳ ತರಗತಿಗಳನ್ನೂ ಬಿಡಲಿಲ್ಲ. ಇಕ್ಕಟ್ಟಾದ ಕೋಣೆಗಳಲ್ಲಿ ಮಕ್ಕಳು ಎಂಥ ಗಾಳಿಯನ್ನು ಸೇವಿಸುತ್ತಾರೆಂಬುದನ್ನು ಅಂಕಿಗಳಲ್ಲಿ ತೋರಿಸಿದ ಅವರ ಪ್ರಬಂಧ 1887ರಲ್ಲಿ ಪ್ರಕಟವಾಯಿತು. ಅನಂತರ ಆಕ್ಸ್‌ಫರ್ಡ್ ಅವರ ಕರ್ಮಭೂಮಿಯಾಯಿತು.

1896ರ ಜನವರಿಯಲ್ಲಿ ವೇಲ್ಸ್ ಪ್ರಾಂತದ ಟೈಲರ್ಸ್‌ಟೌನ್ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟವಾಗಿ 57 ಮಂದಿ ಮಡಿದರು. ಸ್ಫೋಟದ ಹೊಡೆತವೇ ಅವರನ್ನು ಕೊಂದಿತೆಂದು ಜನ ತಿಳಿದಿದ್ದರು. ಹಾಲ್ಡೇನರು ಶವಗಳನ್ನು ಪರೀಕ್ಷಿಸಿ, ಬಹುಪಾಲು ಜನರನ್ನು ಕೊಂದದ್ದು ಸ್ಫೋಟದ ಬಳಿಕ ಹರಡಿದ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವೆಂದು ನಿರ್ಣಯಿಸಿದರು. ಬಣ್ಣವೂ ವಾಸನೆಯೂ ಇಲ್ಲದ ಈ ವಿಷ ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಕಸಿದುಕೊಳ್ಳುತ್ತದೆ. ಅದರ ಪರಿಣಾಮವನ್ನು ಅವರು ಅದಕ್ಕೆ ಮೊದಲೇ ತಮ್ಮ ಮೈಮೇಲೆ ಪರೀಕ್ಷಿಸಿಕೊಂಡಿದ್ದರು. ಅನಿಲವನ್ನು ತಾವೇ ಸೇವಿಸುತ್ತ, ಕೈಕಾಲು ಸೋಲುವವರೆಗೂ ರಕ್ತದ ಹನಿಗಳನ್ನು ತೆಗೆದು ಗುರುತು ಹಾಕಿಕೊಂಡಿದ್ದರು. ಮನುಷ್ಯನಿಗಿಂತ ಬೇಗ ಸೋಲುವ ಸಣ್ಣ ಜೀವಿಯನ್ನು ಗಣಿಗೆ ಒಯ್ಯಬೇಕೆಂಬ ಸಲಹೆ ಅವರದು. ಬ್ರಿಟನ್ನಿನ ಗಣಿಗಳಲ್ಲಿ ಕ್ಯಾನರಿ ಹಕ್ಕಿಗಳು 1986ರವರೆಗೂ ಈ ಕಾವಲು ಕಾದವು.

ಉಸಿರಾಟದ ವೇಗವನ್ನು ನಿಯಂತ್ರಿಸುವುದು ಮುಖ್ಯವಾಗಿ ಆಮ್ಲಜನಕದ ಕೊರತೆಯಲ್ಲ, ದೇಹದಲ್ಲಿ ಸೇರುವ ಇಂಗಾಲದ ಡೈ ಆಕ್ಸೈಡ್ ಎಂಬುದನ್ನು 1905ರಲ್ಲಿ ಅವರು ಪ್ರೀಸ್ಟ್ಲಿ ಎಂಬ ಸಹೋದ್ಯೋಗಿಯೊಡನೆ ಸಿದ್ಧಪಡಿಸಿದರು. ಶರೀರಶಾಸ್ತ್ರದ ಪಠ್ಯಗಳಲ್ಲಿ ಇಂದಿಗೂ ಉಳಿದಿರುವ ಈ ತತ್ತ್ವ ಸಮುದ್ರದ ತಳದಲ್ಲಿ ಬಹುಬೇಗ ಉಪಯೋಗಕ್ಕೆ ಬಂದಿತು.

ಆ ಕಾಲದ ಬ್ರಿಟಿಷ್ ನೌಕಾದಳದ ಮುಳುಗುಗಾರರು ತಾಮ್ರದ ಶಿರಸ್ತ್ರಾಣ ಧರಿಸಿ ನೀರಿಗಿಳಿಯುತ್ತಿದ್ದರು. ದೋಣಿಯ ಮೇಲೆ ನಾವಿಕರು ಪಂಪಿನ ಚಕ್ರವನ್ನು ತಿರುಗಿಸಿದಂತೆ ಕೊಳವೆಯ ಮೂಲಕ ಗಾಳಿ ಕೆಳಗಿಳಿಯುತ್ತಿತ್ತು. ಆದರೆ ಆಳಕ್ಕೆ ಹೋದವರು ಏದುಸಿರು ಬಿಟ್ಟು, ತಲೆ ತಿರುಗಿ, ಕೆಲವೊಮ್ಮೆ ಪ್ರಜ್ಞೆ ತಪ್ಪುತ್ತಿದ್ದರು. ಮೇಲೆ ಪಂಪು ತಿರುಗುತ್ತಲೇ ಇರುತ್ತಿತ್ತು. ಕಾರಣವನ್ನು ಅರಿಯಲು ನೌಕಾದಳವು 1905ರಲ್ಲಿ ನೇಮಿಸಿದ ಸಮಿತಿಯಲ್ಲಿ ಹಾಲ್ಡೇನರಿದ್ದರು.

ಅವರು ಪಂಪನ್ನು ನೋಡಿ ತೃಪ್ತರಾಗಲಿಲ್ಲ. ಶಿರಸ್ತ್ರಾಣದೊಳಗಿನ ಗಾಳಿಯನ್ನೇ ಸಂಗ್ರಹಿಸಿ ಅಳೆದರು. ನೀರಿನಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಏರುತ್ತದೆ. ಮೇಲೆ ಒಂದು ಕೊಡ ತುಂಬುವ ಗಾಳಿ 10 ಮೀಟರ್ ಆಳದಲ್ಲಿ ಅರ್ಧ ಕೊಡ, 30 ಮೀಟರ್ ಆಳದಲ್ಲಿ ಕಾಲು ಕೊಡ. ಆದುದರಿಂದ ಮುಳುಗುಗಾರನು ಬಿಟ್ಟ ಉಸಿರನ್ನು ಶಿರಸ್ತ್ರಾಣದಿಂದ ಹೊರದೂಡಲು 30 ಮೀಟರ್ ಆಳದಲ್ಲಿ ನಾಲ್ಕು ಪಟ್ಟು ಗಾಳಿಯನ್ನು ಒತ್ತಬೇಕು. ಹೆಚ್ಚಿನ ಒತ್ತಡದಲ್ಲಿ ಹಳೆಯ ಪಂಪುಗಳ ಕೊಂತದ ಸಂದಿಯಲ್ಲಿ ಗಾಳಿ ಸೋರಿಹೋಗುತ್ತಿದ್ದುದೂ ಪರೀಕ್ಷೆಯಿಂದ ತಿಳಿದುಬಂತು. ತಳದಲ್ಲಿದ್ದವನು ತಾನೇ ಬಿಟ್ಟ ಇಂಗಾಲದ ಡೈ ಆಕ್ಸೈಡನ್ನು ಮತ್ತೆ ಸೇವಿಸುತ್ತಿದ್ದನು. ಪಂಪುಗಳನ್ನು ಸರಿಪಡಿಸಿ, ಆಳಕ್ಕೆ ತಕ್ಕಂತೆ ಗಾಳಿ ಒದಗಿಸಿದೊಡನೆ ಏದುಸಿರು ನಿಂತಿತು.

ಈ ಲೆಕ್ಕ ಇಂದಿಗೂ ಹಳತಾಗಿಲ್ಲ. ಬಣ್ಣ ಸಿಂಪಡಿಸಲೋ ಟಯರಿಗೆ ಗಾಳಿ ತುಂಬಲೋ ಮಾಡಿದ ಕಂಪ್ರೆಸರನ್ನು ಕೈಬದಲಾಗಿ ಕೊಂಡು, ಅದಕ್ಕೊಂದು ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿ ನೀರಿಗಿಳಿಯುವವರು ಈಗಲೂ ಇದ್ದಾರೆ. ಫಿಲಿಪೈನ್ಸ್ ದ್ವೀಪಗಳ ಬಡ ಬೆಸ್ತರಲ್ಲಿ ಈ ಪದ್ಧತಿ ಹೆಸರಾದದ್ದು. ಯಂತ್ರವನ್ನು ಹಂಗಿಸಿ ಫಲವಿಲ್ಲ. ಅದು ತನಗೆ ಹೇಳಿದ ಕೆಲಸವನ್ನು ಮಾಡುತ್ತದೆ. ಆದರೆ ಟಯರು ಉಸಿರಾಡುವುದಿಲ್ಲ. ಎಂಜಿನಿನ ಹೊಗೆಕೊಳವೆಯ ಬಳಿಯೇ ಗಾಳಿ ಹೀರುವ ಬಾಯಿ ಇದ್ದರೆ, ಟೈಲರ್ಸ್‌ಟೌನ್ ಗಣಿಯ ಅದೇ ವಿಷ ಕೊಳವೆಯಲ್ಲಿ ಇಳಿಯುತ್ತದೆ. ಮೇಲೆ ಬಾಧಿಸದಷ್ಟು ಅಲ್ಪವಾದ ವಿಷವೂ ಆಳದ ಒತ್ತಡದಲ್ಲಿ ಹಲವು ಪಟ್ಟು ಬಲಗೊಳ್ಳುತ್ತದೆ. ಎಂಜಿನಾಯಿಲಿನ ಆವಿ ಪುಪ್ಪುಸಕ್ಕೆ ಸೇರುವುದು ಬೇರೆ. ಎಂಜಿನು ನಿಂತರಂತೂ ಹೇಳುವುದೇ ಬೇಡ.

ಸಮಿತಿಯ ಮುಂದೆ ಇನ್ನೊಂದು ಕಠಿಣ ಸಮಸ್ಯೆಯಿತ್ತು. ಆಳದಿಂದ ಮೇಲೆ ಬಂದವರಲ್ಲಿ ಕೆಲವರು ಕೀಲುನೋವಿನಿಂದ ನರಳುತ್ತಿದ್ದರು, ಕೆಲವರಿಗೆ ಪಾರ್ಶ್ವವಾಯು ಬಡಿಯುತ್ತಿತ್ತು, ಕೆಲವರು ಸಾಯುತ್ತಿದ್ದರು. ಒತ್ತಡದಲ್ಲಿ ರಕ್ತಮಾಂಸಗಳಲ್ಲಿ ಕರಗಿದ ಸಾರಜನಕವು ಒತ್ತಡ ತಟ್ಟನೆ ಇಳಿದಾಗ, ಸೋಡಾ ಸೀಸೆಯ ಬಿರಡೆ ತೆಗೆದಂತೆ, ಗುಳ್ಳೆಯಾಗುತ್ತದೆಂದು ಫ್ರಾನ್ಸಿನ ಪಾಲ್ ಬೇರ್ 1878ರಲ್ಲಿಯೇ ತೋರಿಸಿದ್ದರು. ಮೇಲೇರುವ ಕ್ರಮ ಹೇಗಿರಬೇಕೆಂಬುದು ಮಾತ್ರ ಇತ್ಯರ್ಥವಾಗಿರಲಿಲ್ಲ. ಲಂಡನ್ನಿನ ಲಿಸ್ಟರ್ ಸಂಸ್ಥೆಗೆ ಲುಡ್ವಿಗ್ ಮಾಂಡ್ ಎಂಬ ಉದ್ಯಮಿ ದಾನವಾಗಿ ಕೊಟ್ಟ ಉಕ್ಕಿನ ಕೋಣೆಯಲ್ಲಿ ಹಾಲ್ಡೇನರು ಆಡುಗಳನ್ನಿರಿಸಿ ಒತ್ತಡದ ಪರೀಕ್ಷೆ ನಡೆಸಿದರು. ದಾನಿಯ ಹಣ ಇಷ್ಟು ನೇರವಾಗಿ ಜೀವ ಉಳಿಸಿದ ನಿದರ್ಶನಗಳು ವಿರಳ. ನೋವು ಬಂದ ಆಡು ಮುಂಗಾಲನ್ನು ಮಡಿಚಿ ಎತ್ತಿ ಹಿಡಿಯುತ್ತಿತ್ತು, ಅದೇ ಗುರುತು. ಎಷ್ಟೇ ಹೊತ್ತು ಕಳೆದಿರಲಿ, ಇದ್ದ ಒಟ್ಟು ಒತ್ತಡದ ಅರ್ಧದವರೆಗೆ ಬೇಗನೆ ಏರಿದರೆ ಅಪಾಯವಿಲ್ಲ. ಅಲ್ಲಿಂದ ಮುಂದೆ ಪ್ರತಿ 10 ಅಡಿಗೊಮ್ಮೆ ನಿಂತು, ಕಾದು, ಏರಬೇಕು ಎಂಬುದು ಅವರ ನಿರ್ಣಯ. ಒಂದೇ ಸಮನೆ ನಿಧಾನವಾಗಿ ಏರುವುದೇ ಕ್ಷೇಮವೆಂಬ ಹಿಂದಿನ ನಂಬಿಕೆಗೆ ಇದು ವಿರುದ್ಧವಾಗಿತ್ತು.

ಆಡುಗಳ ಸಾಕ್ಷ್ಯ ಸಾಲದು. 1906ರ ಆಗಸ್ಟ್ ತಿಂಗಳಲ್ಲಿ ಸ್ಕಾಟ್ಲೆಂಡಿನ ಪಶ್ಚಿಮ ತೀರದಲ್ಲಿ ‘ಸ್ಪ್ಯಾಂಕರ್’ ನೌಕೆಯಿಂದ ಲೆಫ್ಟಿನೆಂಟ್ ಡೇಮಂಟ್ ಮತ್ತು ಗನ್ನರ್ ಕ್ಯಾಟೋ ಇಬ್ಬರೂ ಈ ಕ್ರಮವನ್ನು ಅನುಸರಿಸಿ ನೀರಿಗಿಳಿದರು. ಡೇಮಂಟರು 210 ಅಡಿ ಮುಟ್ಟಿ ಸುಖವಾಗಿ ಮರಳಿದರು. ಅದೇ ದಿನಗಳಲ್ಲಿ ಹಾಲ್ಡೇನರು ತಮ್ಮ 13 ವರ್ಷದ ಮಗ ಜಾಕನನ್ನೂ ಮುಳುಗು ಉಡುಪು ತೊಡಿಸಿ ಇಳಿಸಿದರು. ಉಡುಪು ದೊಡ್ಡವರದು, ಮಣಿಕಟ್ಟಿನ ಸಡಿಲಿನಿಂದ ತಣ್ಣೀರು ಒಳಗೆ ಏರತೊಡಗಿತು. ಬಾಲಕ ಹೆದರದೆ ಗಾಳಿಯ ಕವಾಟವನ್ನು ನಿರ್ವಹಿಸಿಕೊಂಡು ನಡುಗುತ್ತ ಮೇಲೆ ಬಂದನು. ತಂದೆಯ ಈ ನಡೆಯನ್ನು ಧೈರ್ಯವೆನ್ನಬೇಕೋ ಅವಿವೇಕವೆನ್ನಬೇಕೋ ಎಂಬ ಸಂದೇಹ ಓದುಗರಿಗೆ ಬಾರದಿರದು. ತಾವು ಒಡ್ಡಿಕೊಳ್ಳದ ಅಪಾಯಕ್ಕೆ ಅವರು ಮಗನನ್ನು ಒಡ್ಡಿದವರಲ್ಲ ಎಂಬುದಷ್ಟನ್ನು ಹೇಳಬಹುದು.

1908ರಲ್ಲಿ ಬಾಯ್ಕಾಟ್ ಮತ್ತು ಡೇಮಂಟರೊಡನೆ ಪ್ರಕಟಿಸಿದ ಪ್ರಬಂಧದಲ್ಲಿ ಮೇಲೇರುವ ಕ್ರಮದ ಕೋಷ್ಟಕಗಳು ಲೋಕಕ್ಕೆ ದೊರೆತವು. ಮುಂದಿನವರು ಅವನ್ನು ತಿದ್ದಿದ್ದಾರೆ. ಹಂತಹಂತವಾಗಿ ಏರಬೇಕೆಂಬ ತಳಹದಿಯನ್ನು ಕೈಬಿಟ್ಟಿಲ್ಲ. 1917ರಲ್ಲಿ ಐರ್ಲೆಂಡಿನ ಬಳಿ ‘ಲಾರೆಂಟಿಕ್’ ಹಡಗು 3,211 ಚಿನ್ನದ ಗಟ್ಟಿಗಳೊಡನೆ ಮುಳುಗಿದಾಗ, ಅದೇ ಡೇಮಂಟರ ತಂಡವು 1924ರೊಳಗೆ 3,186 ಗಟ್ಟಿಗಳನ್ನು ಮೇಲೆತ್ತಿತು. ಒಬ್ಬ ಮುಳುಗುಗಾರನೂ ಪ್ರಾಣ ಕಳೆದುಕೊಳ್ಳಲಿಲ್ಲ.

1911ರಲ್ಲಿ ಹಾಲ್ಡೇನರು ಅಮೆರಿಕದ ಪೈಕ್ಸ್ ಪೀಕ್ ಶಿಖರದ ಮೇಲೆ ತೆಳುಗಾಳಿಯ ಉಸಿರಾಟವನ್ನು ಅಭ್ಯಸಿಸಿದರು. 1915ರಲ್ಲಿ ಈಪರ್ ರಣರಂಗದಲ್ಲಿ ಜರ್ಮನರು ವಿಷಾನಿಲ ಬಿಟ್ಟಾಗ ಫ್ರಾನ್ಸಿಗೆ ಧಾವಿಸಿ ಅದು ಕ್ಲೋರಿನ್ ಎಂದು ಗುರುತಿಸಿ ಮುಖವಾಡದ ಪ್ರಯೋಗಕ್ಕೆ ನಿಂತರು. ಎಪ್ಪತ್ತೈದರ ವೃದ್ಧಾಪ್ಯದಲ್ಲಿಯೂ ಬಿಸಿಲಬೇನೆಯ ಅಧ್ಯಯನಕ್ಕಾಗಿ ಪರ್ಷಿಯಾಕ್ಕೆ ಹೋಗಿಬಂದು, ನ್ಯುಮೋನಿಯಾಕ್ಕೆ ತುತ್ತಾಗಿ 1936ರ ಮಾರ್ಚ್ ತಿಂಗಳ ನಡುವೆ ಆಕ್ಸ್‌ಫರ್ಡಿನಲ್ಲಿ ನಿಧನ ಹೊಂದಿದರು.

ಅಂದು ಸೋರುವ ಉಡುಪಿನಲ್ಲಿ ನೀರಿಗಿಳಿದಿದ್ದ ಬಾಲಕನೇ ಮುಂದೆ ತಳಿವಿಜ್ಞಾನಿಯಾಗಿ ಪ್ರಖ್ಯಾತರಾದ ಜೆ.ಬಿ.ಎಸ್. ಹಾಲ್ಡೇನ್. 1939ರಲ್ಲಿ ‘ಥೀಟಿಸ್’ ಜಲಾಂತರ್ನೌಕೆ ಮುಳುಗಿ 99 ಮಂದಿ ಮಡಿದ ಮೇಲೆ, ಅವರೂ ತಂದೆಯಂತೆ ಉಕ್ಕಿನ ಕೋಣೆಯೊಳಗೆ ಕುಳಿತು ಕೆಟ್ಟ ಗಾಳಿಯ ಪರೀಕ್ಷೆಗೆ ತಮ್ಮ ದೇಹವನ್ನೇ ಒಡ್ಡಿದರು. 1957ರಲ್ಲಿ ಭಾರತಕ್ಕೆ ಬಂದು ನೆಲಸಿ, ಇಲ್ಲಿಯ ಪ್ರಜೆಯಾಗಿ, 1964ರ ಡಿಸೆಂಬರ್ 1ರಂದು ಭುವನೇಶ್ವರದಲ್ಲಿ ಕಾಲವಾದರು.